ತಾನಾಗಿ ಓಡಿದ ಮೀಟರು

ಮನುಷ್ಯನಿಗೆ ಹೊಟ್ಟೆಕಿಚ್ಚು ಹುಟ್ಟಲು ಮನೆ, ಆಸ್ತಿ, ಅಧಿಕಾರ ಎಂದು ಮರ್ಯಾದಸ್ಥ ಕಾರಣಗಳು ಬೇಕಾದಷ್ಟಿವೆ. ನಮ್ಮ ವಜಾರಾಯರಿಗೆ ಅದು ಹುಟ್ಟಿದ್ದು ಷಡ್ಡಕನ ನಾಡಿ ಬಡಿತದ ಮೇಲೆ.

ವಜಾರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ದೂರುಗಳ ಮೇಜಿನ ಹಿಂದೆ ಹತ್ತೊಂಬತ್ತು ವರ್ಷ ಅಲುಗಾಡದೆ ಕೂತು ಸಂಪಾದಿಸಿದ್ದು. ದಿನವೂ ಜನ ಬರುತ್ತಿದ್ದರು. "ಸಾರ್, ತಿಂಗಳಿಡೀ ಮನೆಗೆ ಬೀಗ ಹಾಕಿತ್ತು, ಆದ್ರೂ ಮೀಟರ್ ಓಡಿದೆ" ಎಂದು ಒಬ್ಬರು. "ನಲ್ಲೀಲಿ ಬರೋದು ಬರೀ ಗಾಳಿ ಸಾರ್, ಗಾಳಿಗೇ ಮೀಟರ್ ತಿರುಗ್ತಿದೆ" ಎಂದು ಇನ್ನೊಬ್ಬರು. ರಾಯರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, "ಮೀಟರ್ ತಾನಾಗಿ ಓಡಲ್ಲ. ಯಾರೋ ಓಡಿಸಿದ್ರೇ ಓಡೋದು" ಎಂದು ಹೇಳಿ, ಅರ್ಜಿಯ ಮೂಲೆಯಲ್ಲಿ ಕೆಂಪು ಶಾಯಿಯಿಂದ ಬರೆಯುತ್ತಿದ್ದರು: 'ಮೀಟರ್ ಸರಿಯಾಗಿದೆ. ಅರ್ಜಿ ವಜಾ.' ಆ ನಾಲ್ಕು ಪದಗಳನ್ನು ಅವರು ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲವರಾಗಿದ್ದರು. ಊಟದ ನಂತರದ ಅರ್ಜಿಗಳಿಗೆ ಹಾಗೆಯೇ ಬರೆಯುತ್ತಿದ್ದರು ಎಂದು ಕಚೇರಿಯಲ್ಲಿ ಮಾತಿತ್ತು.

ಇಂಥ ರಾಯರನ್ನೂ ಅಳೆಯುವವರೊಬ್ಬರು ಇದ್ದರು. ಅವರ ಮಾವ. ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಕೆಲಸ ಅವರನ್ನು ಬಿಟ್ಟಿತ್ತು, ಅವರು ಕೆಲಸವನ್ನು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಇಬ್ಬರು ಹೆಣ್ಣುಮಕ್ಕಳೂ ಗಂಡಂದಿರೊಂದಿಗೆ ತವರಿಗೆ ಊಟಕ್ಕೆ ಬರಬೇಕು. ಊಟಕ್ಕೆ ಮುಂಚೆ ಅಳಿಯಂದಿರಿಬ್ಬರೂ ಕೈ ಚಾಚಿ ಕೂರಬೇಕು. ಮಾವನವರು ಗಡಿಯಾರ ನೋಡುತ್ತ ಒಂದು ನಿಮಿಷ ನಾಡಿ ಎಣಿಸಿ, ಗಟ್ಟಿಯಾಗಿ ಓದಿ ಹೇಳಿ, ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪುಸ್ತಕದಲ್ಲಿ ಎರಡು ಕಾಲಂ. ಒಂದರ ತಲೆಯ ಮೇಲೆ 'ಹಿರಿಯ ಅಳಿಯ', ಇನ್ನೊಂದರ ಮೇಲೆ 'ಕಿರಿಯ ಅಳಿಯ'. ಹೆಣ್ಣುಮಕ್ಕಳಿಗೆ ಕಾಲಂ ಇರಲಿಲ್ಲ. ಆ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ಇರುತ್ತಿದ್ದರು.

ಮಾವನವರ ಪಕ್ಕದಲ್ಲಿ ಕೈಯಿರುವ ಒಂದು ಕುರ್ಚಿ ಇತ್ತು. ಮೆತ್ತೆ ಹಾಕಿದ ಕುರ್ಚಿ. ಅದರಲ್ಲಿ ಕೂತವರಿಗೆ ಮೊದಲು ಬಡಿಸುತ್ತಿದ್ದರು, ಅವರ ಮಾತನ್ನು ಮೊದಲು ಕೇಳುತ್ತಿದ್ದರು, ಅವರು ನಗೆಚಟಾಕಿ ಹಾರಿಸಿದರೆ ಮಾವನವರು ನಗುತ್ತಿದ್ದರು. ಹನ್ನೊಂದು ವರ್ಷದಿಂದ ಆ ಕುರ್ಚಿ ಹಿರಿಯ ಅಳಿಯ ವಜಾರಾಯರದು. ಷಡ್ಡಕನಿಗೆ ಒಂದು ಸ್ಟೂಲು. ಅದರ ಒಂದು ಕಾಲು ಗಿಡ್ಡ.

ಷಡ್ಡಕ ವಿಮಾ ಕಚೇರಿಯಲ್ಲಿದ್ದ. ರಾಯರಿಗಿಂತ ಆರು ವರ್ಷ ಚಿಕ್ಕವನು. ಅವನು ಕೆಟ್ಟವನಾಗಿದ್ದರೆ ರಾಯರು ಎಷ್ಟೋ ನೆಮ್ಮದಿಯಾಗಿ ಇರುತ್ತಿದ್ದರು. ಆದರೆ ಅವನು ಒಳ್ಳೆಯವನು, ನಗುಮುಖದವನು, "ಅಣ್ಣಾ, ಅಣ್ಣಾ" ಎಂದು ಬಾಯ್ತುಂಬ ಕರೆಯುವವನು. ಇಂಥವರ ಮೇಲೆ ಹೊಟ್ಟೆಕಿಚ್ಚುಪಡುವುದು ಬಹಳ ಶ್ರಮದ ಕೆಲಸ. ರಾಯರು ಹನ್ನೊಂದು ವರ್ಷ ಆ ಶ್ರಮಕ್ಕೆ ಬೇಸರಪಟ್ಟವರಲ್ಲ.

ಆ ಭಾನುವಾರ ಮಾವನವರು ಕಿರಿಯ ಅಳಿಯನ ಕೈ ಹಿಡಿದು ಎಣಿಸಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೊಮ್ಮೆ ಎಣಿಸಿದರು.

"ಅರವತ್ನಾಲ್ಕು! ಏನ್ರೀ ಇದು, ನಾಡಿನೋ ಗೋಡೆ ಗಡಿಯಾರಾನೋ?"

"ಏನಿಲ್ಲ ಮಾವ, ಎರಡು ತಿಂಗಳಿಂದ ಆಫೀಸಿಗೆ ಸೈಕಲ್ಲಲ್ಲೇ ಹೋಗ್ತಿದೀನಿ. ದಿನಕ್ಕೆ ಹದಿನೆಂಟು ಕಿಲೋಮೀಟರ್, ಅಷ್ಟೆ."

ಆ 'ಅಷ್ಟೆ' ರಾಯರ ಎದೆಗೆ ನಾಟಿತು. ನಾಟಿದ ಕೂಡಲೇ ಮಾವನವರು ಅವರ ಕೈ ಹಿಡಿದರು.

"ತೊಂಬತ್ತೆರಡು" ಎಂದು ಮಾವನವರು ತಗ್ಗಿದ ದನಿಯಲ್ಲಿ ಓದಿದರು. "ಅಳಿಯಂದ್ರೇ, ನೀವು ದಿನಾ ಬಸ್ಸಲ್ಲಿ ಕೂತ್ಕೊಂಡು ಹೋಗ್ತೀರಲ್ಲ, ಅದಕ್ಕೇ ಇದು."

"ಕೂತ್ಕೊಂಡು ಎಲ್ಲಿ ಮಾವ, ಹತ್ತೊಂಬತ್ತು ವರ್ಷದಿಂದ ನಿಂತ್ಕೊಂಡೇ ಹೋಗ್ತಿದೀನಿ."

ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆಯವರು ಅಡುಗೆಮನೆಯಿಂದ ಬಂದು ಕಿರಿಯ ಅಳಿಯನ ಕೆನ್ನೆಯ ಬಣ್ಣವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ನಾದಿನಿ ಗಂಡನ ಪ್ಯಾಂಟುಗಳನ್ನೆಲ್ಲ ಸೊಂಟದಲ್ಲಿ ಹಿಡಿಸಬೇಕಾಗಿ ಬಂದ ಕಷ್ಟವನ್ನು ಹೇಳಿಕೊಂಡಳು. ಅವಳ ಮುಖದಲ್ಲಿ ಕಷ್ಟ ಎಳ್ಳಷ್ಟೂ ಇರಲಿಲ್ಲ. ಕೊನೆಗೆ ಮಾವನವರು ಮೆತ್ತೆಯ ಕುರ್ಚಿಯ ಬೆನ್ನು ತಟ್ಟಿ, "ನೀವು ಇಲ್ಲಿ ಬನ್ನಿ" ಎಂದರು. ಅಂದದ್ದು ಷಡ್ಡಕನಿಗೆ.

"ಅಯ್ಯೋ ಬೇಡ ಮಾವ, ಅದು ಅಣ್ಣನ ಜಾಗ" ಎಂದ ಷಡ್ಡಕ, ಕೂರುತ್ತ.

ಸ್ಟೂಲು ರಾಯರ ಭಾರಕ್ಕೆ ಒಂದು ಕಡೆ ವಾಲಿತು. ಅದರ ಜೊತೆ ರಾಯರೂ ವಾಲಿದರು. ವಾಲಿದ ಮನುಷ್ಯ ಯೋಚಿಸಿ ಮಾತಾಡುವುದು ಕಷ್ಟ.

"ನಾನೂ ನಾಳೆಯಿಂದ ಸೈಕಲ್ಲೇ ಮಾವ. ಆಗ್ಲೇ ತಗೊಂಡಾಯ್ತು."

ಬಡಿಸಲು ಬಂದ ಹೆಂಡತಿ ಸೌಟು ಹಿಡಿದು ಅಲ್ಲೇ ನಿಂತಳು. "ಯಾವಾಗ್ರೀ ತಗೊಂಡ್ರಿ?"

"ಸಂಜೆ" ಎಂದರು ರಾಯರು.

ಅಂದಂತೆ ಸಂಜೆ ತಗೊಂಡೂ ಬಿಟ್ಟರು. ಯಾರೋ ತುಳಿದು ಬಿಟ್ಟ ಹಸಿರು ಬಣ್ಣದ ಸೈಕಲ್ಲು. ಗಂಟೆ ಮಾತ್ರ ಹೊಸದು.

ಸೋಮವಾರ ಬೆಳಗ್ಗೆ ತಲೆಗೆ ಹೆಲ್ಮೆಟ್ ಬಿಗಿದು, ಪ್ಯಾಂಟಿನ ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ರಾಯರು ಹೊರಟಾಗ ಬೀದಿಯೇ ಬಾಗಿಲಿಗೆ ಬಂದಿತ್ತು. ಎದುರುಮನೆಯ ನಿವೃತ್ತ ಮೇಷ್ಟರು, "ಈ ವಯಸ್ಸಲ್ಲಿ ಏನ್ ಧೈರ್ಯ ರೀ ನಿಮ್ದು!" ಎಂದರು. ಮೇಲಿನ ಮನೆಯ ದರ್ಜಿಯಮ್ಮ ತಮ್ಮ ಗಂಡನನ್ನು ಎಬ್ಬಿಸಿ ತಂದು ತೋರಿಸಿದರು. ರಾಯರು ಗಂಟೆ ಬಾರಿಸಿ ಕೈ ಬೀಸಿದರು. ಕೈ ಬೀಸಿದ್ದರಿಂದ ಸೈಕಲ್ಲು ಚರಂಡಿಯ ಕಡೆ ತಿರುಗಿತು, ಮತ್ತೆ ತಿರುಗಿಸಿಕೊಂಡರು.

ಮನೆಯಿಂದ ಕಚೇರಿಗೆ ಹತ್ತು ಚಿಲ್ಲರೆ ಕಿಲೋಮೀಟರು. ಮೊದಲ ನಾನೂರು ಮೀಟರು ಇಳಿಜಾರು. ಆ ನಾನೂರು ಮೀಟರಿನಲ್ಲಿ ರಾಯರು ತಮ್ಮ ನಾಡಿ ಅರವತ್ತೆರಡಕ್ಕೆ ಇಳಿದಂತೆಯೂ, ಷಡ್ಡಕ ಸ್ಟೂಲಿನಿಂದ ಬಿದ್ದಂತೆಯೂ ಕಲ್ಪಿಸಿಕೊಂಡರು. ನಾನೂರು ಮೀಟರು ಮುಗಿದ ಜಾಗದಲ್ಲಿ ಮೇಲ್ಸೇತುವೆ ಶುರುವಾಗುತ್ತಿತ್ತು. ಬಸ್ಸಿನಲ್ಲಿ ದಿನಕ್ಕೆರಡು ಸಲ ದಾಟುವಾಗ ಚಪ್ಪಟೆಯಾಗಿದ್ದ ಸೇತುವೆ ಈಗ ಆಕಾಶಕ್ಕೆ ಎದ್ದು ನಿಂತಿತ್ತು. ಮೂವತ್ತು ಸಲ ಪೆಡಲು ತುಳಿದರು. ಮೂವತ್ತೊಂದನೆಯದಕ್ಕೆ ಪೆಡಲು ಒಪ್ಪಲಿಲ್ಲ. ಕಣ್ಣಿಗೆ ಕತ್ತಲೆ ಬಂತು, ಕಿವಿಯಲ್ಲಿ ಸಿಳ್ಳೆ ಕೇಳಿಸಿತು. ಕೇಳಿಸಿದ ಸಿಳ್ಳೆ ಇಪ್ಪತ್ತೇಳನೆಯ ನಂಬರಿನ ಬಸ್ಸಿನ ಕಂಡಕ್ಟರನದು.

"ಏನ್ ಸಾರ್, ನಮ್ ಮೇಲೆ ಕೋಪಾನಾ? ಬನ್ನಿ ಬನ್ನಿ, ಇವತ್ತು ಸೀಟಿದೆ!"

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸೀಟಿತ್ತು. ರಾಯರು ಸೈಕಲ್ಲನ್ನು ಸೇತುವೆಯ ಬುಡದ ಇಸ್ತ್ರಿ ಅಂಗಡಿಗೆ ತಳ್ಳಿಕೊಂಡು ಓಡಿ, "ಸಂಜೆ ಬರ್ತೀನಿ, ಕೀ ಇಟ್ಕೊಳ್ಳಪ್ಪ. ಯಾರಿಗೂ ಹೇಳ್ಬೇಡ" ಎಂದು ಬಸ್ಸು ಹತ್ತಿದರು. ಹೆಲ್ಮೆಟ್ ತೆಗೆಯುವುದು ಮರೆತೇ ಹೋಗಿತ್ತು. ಕಂಡಕ್ಟರು ಟಿಕೆಟ್ ಹರಿಯುತ್ತ, "ನಮ್ ಡ್ರೈವರ್ ಮೇಲೆ ಅಷ್ಟೂ ನಂಬಿಕೆ ಇಲ್ವಾ ಸಾರ್?" ಎಂದ.

ಹೀಗೆ ಒಂದು ದಿನದ ಮಟ್ಟಿಗೆ ಎಂದು ಶುರುವಾದದ್ದು ದಿನಚರಿಯಾಯಿತು. ಬೆಳಗ್ಗೆ ಬೀದಿಯವರ ಕಣ್ಣೆದುರು ಜಂಬದಿಂದ ಹೊರಡುವುದು, ಇಸ್ತ್ರಿ ಅಂಗಡಿಯಲ್ಲಿ ಸೈಕಲ್ಲು ಬಿಟ್ಟು ಬಸ್ಸು ಹತ್ತುವುದು, ಸಂಜೆ ಅಲ್ಲೇ ಇಳಿದು ಸೈಕಲ್ಲಿನಲ್ಲಿ ಮನೆ ಸೇರುವುದು. ಆದರೆ ಹತ್ತು ಕಿಲೋಮೀಟರು ತುಳಿದವರಿಗೆ ಬೆವರು ಬೇಕಲ್ಲ? ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಇಸ್ತ್ರಿಯವನ ಬಳಿ ಇತ್ತು. ಅವನು ದಿನಾ ಸಂಜೆ ರಾಯರನ್ನು ನಿಲ್ಲಿಸಿಕೊಂಡು ಹಣೆ, ಕುತ್ತಿಗೆ, ಕಂಕುಳಿಗೆ ಚಿಮುಕಿಸುತ್ತಿದ್ದ. "ಬೆನ್ನಿಗೆ ಸ್ವಲ್ಪ ಕಮ್ಮಿ ಆಯ್ತು ಸಾರ್, ತಿರುಗಿ" ಎನ್ನುತ್ತಿದ್ದ. ಮಾಡುವ ಕೆಲಸ ಅಚ್ಚುಕಟ್ಟಾಗಿರಬೇಕು ಎನ್ನುವ ಮನುಷ್ಯ.

ಎರಡು ವಿಷಯಗಳು ಮಾತ್ರ ರಾಯರಿಗೆ ಅರ್ಥವಾಗಲಿಲ್ಲ. ಒಂದು, ಸಂಜೆ ಬಂದು ನೋಡಿದರೆ ಸೈಕಲ್ಲಿನ ಸೀಟು ಬೆಳಗ್ಗೆಗಿಂತ ಎರಡು ಬೆರಳು ಕೆಳಗಿರುತ್ತಿತ್ತು. ತುಳಿದರೆ ಮೊಣಕಾಲು ಹ್ಯಾಂಡಲ್ಲಿಗೆ ತಾಗುತ್ತಿತ್ತು. ಇನ್ನೊಂದು, ನಿಂತಲ್ಲೇ ನಿಂತ ಸೈಕಲ್ಲಿನ ಮಡ್‌ಗಾರ್ಡಿಗೆ ಕೆಸರು.

"ಏನಪ್ಪಾ ಇದು, ಸೀಟು ದಿನಾ ಇಳೀತಾ ಇದೆ?"

ಇಸ್ತ್ರಿಯವನು ತಲೆ ಎತ್ತದೆ ಕಾಲರ್ ಒತ್ತಿದ. "ಸಾರ್, ನಾನು ಇಸ್ತ್ರಿ ಮಾಡೋನು. ಎಲ್ಲಾ ಮಡಿಕೆನೂ ಬಿಡಿಸೋಕಾಗುತ್ತಾ?"

ಬಿಸಿಲಿಗೆ ಕಬ್ಬಿಣ ಸಡಿಲವಾಗುತ್ತದೆ ಎಂದು ರಾಯರು ತೀರ್ಮಾನಿಸಿದರು. ಹತ್ತೊಂಬತ್ತು ವರ್ಷ ಬೇರೆಯವರ ದೂರುಗಳನ್ನು ತಳ್ಳಿಹಾಕಿದವರಿಗೆ ತಮ್ಮದನ್ನು ತಳ್ಳಿಹಾಕುವುದು ಕಷ್ಟವಾಗಲಿಲ್ಲ.

ಮನೆಯಲ್ಲಿ ಹೆಂಡತಿಯೂ ಖುಷಿಯಾಗಿದ್ದಳು. ಅವಳಿಗೆ ಸೇತುವೆಯ ಆಚೆ ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಸರದಿ ಬರೆಯುವ ಕೆಲಸ. ರಾಯರು ಹೊರಟ ಒಂದು ಗಂಟೆಯ ಮೇಲೆ ಹೊರಟು, ಅವರು ಬರುವ ಒಂದು ಗಂಟೆ ಮೊದಲೇ ಬರುತ್ತಿದ್ದಳು. ಎರಡು ಬಸ್ಸು ಬದಲಿಸಬೇಕಾದ ಕಷ್ಟವನ್ನು ಆರು ವರ್ಷದಿಂದ ಒಂದು ದಿನವೂ ತಪ್ಪದೆ ಗಂಡನಿಗೆ ವರದಿ ಮಾಡುತ್ತಿದ್ದವಳು ಈಗ ಚಕಾರ ಎತ್ತುತ್ತಿರಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದಳು, ಹಾಡು ಗುನುಗುತ್ತಿದ್ದಳು, ಬಡಿಸಿಕೊಂಡದ್ದರ ಮೇಲೆ ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದಳು. ಗಂಡನ ಸಾಹಸ ಕಂಡು ಹಿಗ್ಗಿದ್ದಾಳೆ ಎಂದುಕೊಂಡು ರಾಯರೂ ಹಿಗ್ಗಿದರು.

ಮುಂದಿನ ಭಾನುವಾರ ನಾಡಿ ತೊಂಬತ್ತಮೂರು. "ಶುರೂನಲ್ಲಿ ಹಾಗೇ. ದೇಹ ಒಗ್ಗಬೇಕು" ಎಂದು ಮಾವನವರು ಸಮಾಧಾನ ಹೇಳಿದರು. ಸಮಾಧಾನ ಹೇಳಿ ಸುಮ್ಮನಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅವರು ಒಳಗೆ ಹೋಗಿ ಎರಡು ಪುಟ್ಟ ಪೆಟ್ಟಿಗೆ ತಂದರು.

"ಇಬ್ಬರಿಗೂ ಒಂದೊಂದು. ಸೈಕಲ್ಲಿಗೆ ಹಾಕೋ ಮೀಟರು. ಚಕ್ರ ತಿರುಗಿದಷ್ಟು ಕಿಲೋಮೀಟರ್ ತೋರಿಸುತ್ತೆ. ಇನ್ಮೇಲೆ ನಾಡಿ ಜೊತೆ ಅದನ್ನೂ ಬರ್ಕೊಳ್ಳೋಣ."

"ಅಣ್ಣನಿಗೆ ಮೀಟರ್ ಅಂದ್ರೆ ಪ್ರಾಣ" ಎಂದು ಷಡ್ಡಕ ಪ್ರೀತಿಯಿಂದ ನಕ್ಕ. ಎದ್ದು ಬಂದು ಅಣ್ಣನ ಸೈಕಲ್ಲಿಗೆ ತಾನೇ ಅದನ್ನು ಬಿಗಿದೂ ಕೊಟ್ಟ. ಇಂಥ ಒಳ್ಳೆಯತನಕ್ಕೆ ಏನು ಮಾಡಬೇಕು ಎಂದು ರಾಯರಿಗೆ ತೋಚಲಿಲ್ಲ.

ಆ ವಾರ ರಾಯರಿಗೆ ಅನ್ನ ಸೇರಲಿಲ್ಲ, ಮೀಟರಿನ ಮುಖ ನೋಡುವ ಧೈರ್ಯವೂ ಬರಲಿಲ್ಲ. ನಾನೂರು ಮೀಟರಿನಂತೆ ದಿನಕ್ಕೆರಡು ಸಲ, ವಾರಕ್ಕೆ ಆರು ದಿನ. ಲೆಕ್ಕ ಹಾಕಿದರೆ ಐದು ಕಿಲೋಮೀಟರು ಕೂಡ ಪೂರಾ ಆಗುವುದಿಲ್ಲ. ಷಡ್ಡಕನದು ನೂರೆಂಟು. ಶನಿವಾರ ಸಂಜೆ ಅವರು ಒಂದು ಉಪಾಯ ಹೂಡಿ, ಸೈಕಲ್ಲನ್ನು ಹೊತ್ತುಕೊಂಡು ತಾರಸಿಗೆ ಹೋದರು. ತಲೆಕೆಳಗು ಮಾಡಿ ನಿಲ್ಲಿಸಿ, ಮುಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಲು ಕೂತರು. ನೂರಿಪ್ಪತ್ತು ಕಿಲೋಮೀಟರು ಆಗುವವರೆಗೆ ತಿರುಗಿಸುವ ಸಂಕಲ್ಪ.

ತಾರಸಿಯ ಹಗ್ಗದಿಂದ ಬಟ್ಟೆ ತೆಗೆಯಲು ಬಂದ ದರ್ಜಿಯಮ್ಮ ಹತ್ತು ನಿಮಿಷ ನೋಡಿದರು. "ಏನ್ ಹೊಲೀತಿದೀರಾ ಅಣ್ಣ?"

"ಎಣ್ಣೆ ಕುಡಿಸ್ತಿದೀನಿ" ಎಂದರು ರಾಯರು.

ದರ್ಜಿಯಮ್ಮ ಕೆಳಗಿಳಿದ ಮೇಲೆ, ತೋಳು ಸೋತು, ಎಷ್ಟಾಯಿತು ನೋಡೋಣ ಎಂದು ರಾಯರು ಮೀಟರಿಗೆ ಮುಖ ಬಗ್ಗಿಸಿದರು. ಮೀಟರು ತಲೆಕೆಳಗಾಗಿತ್ತು, ರಾಯರೂ ಕತ್ತು ತಲೆಕೆಳಗು ಮಾಡಿದರು.

ನೂರಿಪ್ಪತ್ತೈದು.

ಹತ್ತು ನಿಮಿಷ ಕೈಯಲ್ಲಿ ತಿರುಗಿಸಿದ್ದಕ್ಕೆ ಬಹಳವೆಂದರೆ ಒಂದೋ ಎರಡೋ ಕಿಲೋಮೀಟರು. ಉಳಿದದ್ದು? ರಾಯರು ಹಾಗೇ ತಾರಸಿಯ ನೆಲದ ಮೇಲೆ ಕೂತುಬಿಟ್ಟರು. ಹತ್ತೊಂಬತ್ತು ವರ್ಷದ ಅರ್ಜಿದಾರರೆಲ್ಲ ಸುತ್ತ ಬಂದು ನಿಂತು, "ಈಗೇನಂತೀರಾ ಸಾರ್?" ಎಂದು ಕೇಳಿದಂತಾಯಿತು. ಗಾಳಿ! ಹೌದು, ಸೇತುವೆಯ ಬುಡದಲ್ಲಿ ಗಾಳಿ ಜಾಸ್ತಿ. ಲಾರಿಗಳು ಹೋದಾಗ ಬೀಸುವ ಗಾಳಿಗೆ ಚಕ್ರ ತಿರುಗಿರಬೇಕು. ಹಾಗೆಂದುಕೊಂಡು ಅವರು ಸೈಕಲ್ಲಿಗೆ ಒಂದು ನಮಸ್ಕಾರ ಹಾಕಿ ಕೆಳಗಿಳಿಸಿಕೊಂಡು ಬಂದರು.

ಭಾನುವಾರ ಮಾವನವರು ಎರಡೂ ಮೀಟರು ಓದಿದರು. ಕಿರಿಯ ಅಳಿಯ ನೂರೆಂಟು, ಹಿರಿಯ ಅಳಿಯ ನೂರಿಪ್ಪತ್ತೈದು.

ಷಡ್ಡಕ ತಾನಾಗೇ ಕುರ್ಚಿಯಿಂದ ಎದ್ದ. ನಗುಮುಖ ಹಾಗೇ ಇತ್ತು, ಆದರೆ ಅಂಚಿನಲ್ಲಿ ಸ್ವಲ್ಪ ಹುಳ್ಳಗಾಗಿತ್ತು. ಆ ಹುಳ್ಳಗಾದ ಅಂಚನ್ನು ರಾಯರು ಊಟದುದ್ದಕ್ಕೂ ನೋಡಿ ನೋಡಿ ತೃಪ್ತಿಪಟ್ಟರು. ಮೆತ್ತೆಯ ಕುರ್ಚಿಯಲ್ಲಿ ಕೂತು, "ಸೇತುವೆ ಏರುವಾಗ ಮಾತ್ರ ಉಸಿರು ಬಿಗಿ ಹಿಡೀಬೇಕು ತಮ್ಮ. ಅದೇ ಗುಟ್ಟು" ಎಂದು ಷಡ್ಡಕನಿಗೆ ಉಪದೇಶವನ್ನೂ ಮಾಡಿದರು.

ಬಡಿಸುತ್ತಿದ್ದ ಹೆಂಡತಿ, "ಬಿಗಿ ಹಿಡಿದ್ರೆ ಏರಕ್ಕಾಗಲ್ಲ ರೀ, ಬಿಡ್ತಾ ಇರಬೇಕು" ಎಂದಳು.

"ನಿಂಗೇನ್ ಗೊತ್ತು" ಎಂದರು ರಾಯರು.

ಕಚೇರಿಯಲ್ಲಿ ಮರುದಿನ ಒಂದು ಅನಾಹುತ ನಡೆಯಿತು. ಮುದುಕಿಯೊಬ್ಬರು ಬಂದು, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮೀಟರ್ ಓಡಿದೆ ಎಂದರು. ರಾಯರು ಕೆಂಪು ಪೆನ್ನು ಎತ್ತಿದರು, ಇಳಿಸಿದರು. ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಅಮ್ಮ. ಮನೆ ಹತ್ರ ಗಾಳಿ ಜಾಸ್ತಿನಾ?" ಎಂದು ಕೇಳಿದರು. ಅರ್ಜಿಯ ಮೂಲೆಯಲ್ಲಿ 'ಪರಿಶೀಲಿಸಬಹುದು' ಎಂದು ಬರೆದರು. ಪಕ್ಕದ ಮೇಜಿನ ಗುಮಾಸ್ತ ಅದನ್ನು ಕಂಡು ಓಡಿಹೋಗಿ ಮೇಲಧಿಕಾರಿಯನ್ನು ಕರೆತಂದ. ಮೇಲಧಿಕಾರಿ ರಾಯರ ಹಣೆ ಮುಟ್ಟಿ ನೋಡಿ, "ಬೇಕಾದ್ರೆ ಎರಡು ದಿನ ರಜ ತಗೊಳ್ಳಿ" ಎಂದರು.

ಮುಂದಿನ ಭಾನುವಾರ ಮೀಟರು ಒಟ್ಟು ಇನ್ನೂರೈವತ್ತು ತೋರಿಸಿತು. ರಾಯರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಕೈ ಚಾಚಿದರು. ಮಾವನವರು ಎಣಿಸಿದರು. ಅವರ ಮುಖ ಕಪ್ಪಿಟ್ಟಿತು.

"ತೊಂಬತ್ತೆಂಟು."

ಹಳೆಯ ಪುಟಗಳನ್ನು ತಿರುವಿ ಹಾಕಿದರು. "ತೊಂಬತ್ತೆರಡು, ತೊಂಬತ್ಮೂರು, ತೊಂಬತ್ತಾರು, ಈಗ ತೊಂಬತ್ತೆಂಟು. ಸೈಕಲ್ ತುಳಿದಷ್ಟೂ ನಾಡಿ ಏರ್ತಿದೆ. ಮೂವತ್ನಾಲ್ಕು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ." ದನಿ ಇಳಿಸಿದರು. "ಅಳಿಯಂದ್ರೇ, ಇದು ಹೃದಯದ್ದೇ ಏನೋ ಇದೆ."

ಅತ್ತೆಯವರ ಕೈಯಿಂದ ಪಾತ್ರೆ ಬಿತ್ತು. ಷಡ್ಡಕ ಓಡಿಬಂದು ಅಣ್ಣನ ಬೆನ್ನು ನೀವಿದ. ರಾಯರಿಗೆ ಸತ್ಯ ಹೇಳಬೇಕೆನಿಸಿತು. ಹೇಳಿದರೆ ಕುರ್ಚಿ ಹೋಗುತ್ತದೆ, ಸ್ಟೂಲೂ ಸಿಗುವುದು ಅನುಮಾನ. ಸುಮ್ಮನೆ ಎದೆ ಹಿಡಿದುಕೊಂಡರು.

ಮಾವನವರಿಗೆ ಗೊತ್ತಿದ್ದ ಡಾಕ್ಟರು ರಾಯರನ್ನು ಓಡುವ ಯಂತ್ರದ ಮೇಲೆ ನಿಲ್ಲಿಸಿದರು. ಎರಡು ನಿಮಿಷಕ್ಕೆ ರಾಯರು ಅದರ ಕಂಬಿ ತಬ್ಬಿಕೊಂಡು ನೇತಾಡಿದರು.

"ದಿನಕ್ಕೆ ಎಷ್ಟು ಸೈಕಲ್ ತುಳೀತೀರಿ ಅಂದ್ರಿ?"

"ಇಪ್ಪತ್ತು... ಚಿಲ್ಲರೆ..."

ಡಾಕ್ಟರು ರಾಯರನ್ನು ನೋಡಿದರು, ಕಾಗದ ನೋಡಿದರು, ಮತ್ತೆ ರಾಯರನ್ನು ನೋಡಿದರು. "ಕಾಗದದಲ್ಲಿ ಹೃದಯಕ್ಕೆ ಏನೂ ಆಗಿಲ್ಲ. ಆದ್ರೆ ನೀವು ಹೇಳೋದು ನಿಜ ಆದ್ರೆ ನೀವಿಷ್ಟು ಹೊತ್ತಿಗೆ ಹೀಗಿರಬಾರದು. ಏನೇ ಆಗ್ಲಿ, ಇವತ್ತಿಂದ ಸೈಕಲ್ ಮುಟ್ಟಬೇಡಿ."

ರಾಯರಿಗೆ ಆ ಡಾಕ್ಟರ ಕಾಲು ಹಿಡಿಯುವಷ್ಟು ಸಂತೋಷವಾಯಿತು. ಎಂಥ ಗೌರವದ ಬಿಡುಗಡೆ! ಸೈಕಲ್ಲು ತುಳಿಯಲಾರದವರಲ್ಲ ಅವರು, ಅತಿಯಾಗಿ ತುಳಿದವರು. ಕಣ್ಣೆದುರು ಇದ್ದರೆ ತುಳಿಯುವ ಆಸೆಯಾದೀತು ಎಂದು ಎಲ್ಲರಿಗೂ ಹೇಳಿ ಸೈಕಲ್ಲನ್ನು ಇಸ್ತ್ರಿ ಅಂಗಡಿಯಲ್ಲೇ ಬಿಟ್ಟರು. ಸೋಮವಾರದಿಂದ ಅವರು ಎಲ್ಲರೆದುರಿಗೆ, ಹೆಲ್ಮೆಟ್ ಇಲ್ಲದೆ, ಬಸ್ಸಿಗೆ ನಡೆದು ಹೋದರು. ಮೇಷ್ಟರು, "ಪಾಪ, ಎಂಥಾ ಸವಾರ!" ಎಂದು ನಿಟ್ಟುಸಿರು ಬಿಟ್ಟರು. ಮೆತ್ತೆಯ ಕುರ್ಚಿ ಇನ್ನು ಕಾಯಿಲೆಯವರ ಹಕ್ಕು. ಷಡ್ಡಕ ನಾಡಿಯನ್ನು ಐವತ್ತಕ್ಕೆ ಇಳಿಸಿದರೂ ಅದನ್ನು ಕಿತ್ತುಕೊಳ್ಳುವಂತಿರಲಿಲ್ಲ. ಆ ಒಂದು ವಾರ ರಾಯರು ತಮ್ಮ ಜೀವನದಲ್ಲೇ ಅತ್ಯಂತ ಸುಖವಾಗಿದ್ದರು.

ಭಾನುವಾರ ಬಂತು. ರಾಯರು ಕುರ್ಚಿಯಲ್ಲಿ ದಿಂಬಿಗೆ ಒರಗಿ, ಕಾಯಿಲೆಯ ಮುಖ ಮಾಡಿಕೊಂಡು ಕೂತಿದ್ದರು. ಅತ್ತೆಯವರು ಬೀಸಣಿಗೆ ಬೀಸುತ್ತಿದ್ದರು. ಬಾಗಿಲು ದಡಾರನೆ ತೆರೆದು ಮಾವನವರು ಒಳಗೆ ಬಂದರು. ಬಳಸದ ಮೀಟರು ಸುಮ್ಮನೆ ಯಾಕೆ ಬಿಸಿಲಿಗೆ ಒಣಗಬೇಕು ಎಂದು ಅದನ್ನು ಬಿಚ್ಚಿಕೊಂಡು ಬರಲು ಇಸ್ತ್ರಿ ಅಂಗಡಿಗೆ ಹೋಗಿದ್ದವರು. ಮೀಟರು ಕೈಯಲ್ಲಿತ್ತು.

"ಮುನ್ನೂರೆಪ್ಪತ್ತು! ಹೋದ ವಾರ ಇನ್ನೂರೈವತ್ತು, ಈಗ ಮುನ್ನೂರೆಪ್ಪತ್ತು! ಡಾಕ್ಟರು ಮುಟ್ಟಬೇಡಿ ಅಂದ ಮೇಲೂ ನೂರಿಪ್ಪತ್ತು ಕಿಲೋಮೀಟರ್ ತುಳಿದಿದೀರಾ? ಏನ್ರೀ, ನನ್ನ ಮಗಳ ಗತಿ ಏನಾಗಬೇಕು ಅಂತಿದೀರಾ?"

ಅತ್ತೆಯವರು ಬೀಸಣಿಗೆ ಬಿಟ್ಟು ಸೆರಗು ಬಾಯಿಗಿಟ್ಟುಕೊಂಡರು. ನಾದಿನಿ, "ಭಾವ, ಯಾರನ್ನ ಮೆಚ್ಚಿಸಕ್ಕೆ ಹೀಗೆಲ್ಲ?" ಎಂದು ಕಣ್ಣೊರೆಸಿಕೊಂಡಳು. ಷಡ್ಡಕ ಮಂಡಿಯೂರಿ ರಾಯರ ಕೈ ಹಿಡಿದು, "ಅಣ್ಣಾ, ನನ್ನ ಮೇಲಿನ ಹಟಕ್ಕೆ ಪ್ರಾಣ ಕಳ್ಕೋಬೇಡಿ. ನಾನೇ ಸೈಕಲ್ ಬಿಡ್ತೀನಿ" ಎಂದ.

"ನಾನು ತುಳಿದಿಲ್ಲ!" ಎಂದು ರಾಯರು ಎದ್ದು ನಿಂತರು.

"ಮತ್ತೆ ಮೀಟರು?"

"ಅದು... ತಾನಾಗೇ ಓಡಿದೆ!"

ಮಾವನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡರು. "ಮೀಟರ್ ತಾನಾಗಿ ಓಡುತ್ತಾ? ಈ ಮಾತು ನೀವು ಹೇಳ್ತಿದೀರಾ ಅಳಿಯಂದ್ರೇ?"

"ಗಾಳಿಗೆ ಮಾವ! ಸೇತುವೆ ಹತ್ರ ಲಾರಿಗಳ ಗಾಳಿ—" ಅಷ್ಟರಲ್ಲಿ ರಾಯರಿಗೆ ತಮ್ಮ ಮಾತು ತಮಗೇ ಕೇಳಿಸಿತು. ಕೈಚೆಲ್ಲಿ ನಿಂತರು. "ಆಯ್ತು, ನಿಜ ಹೇಳ್ತೀನಿ. ಈ ವಾರ ಮಾತ್ರ ಅಲ್ಲ, ನಾನು ಯಾವತ್ತೂ ತುಳಿದಿಲ್ಲ. ಇಸ್ತ್ರಿ ಅಂಗಡಿ ತನಕ ಸೈಕಲ್ಲು, ಅಲ್ಲಿಂದ ಬಸ್ಸು. ಬೆವರು ಕೂಡ ಅವನೇ ಬಾಟಲಿಯಿಂದ ಹಾಕ್ತಿದ್ದದ್ದು."

ಹೇಳಿ ಹಗುರಾದರು. ಆದರೆ ಯಾರೂ ನಂಬಲಿಲ್ಲ. "ಎಷ್ಟು ಚೆನ್ನಾಗಿ ಮುಚ್ಚಿಡ್ತಾರೆ ನೋಡಿ" ಎಂದು ಅತ್ತೆಯವರು ಜೋರಾಗಿ ಅತ್ತರು. "ಬೆವರನ್ನ ಬಾಟಲಿಯಿಂದ ಯಾರಾದ್ರೂ ಹಾಕಿಸ್ಕೋತಾರಾ! ಮಗಳೇ, ಇವರಿಗೆ ಬುದ್ಧಿಭ್ರಮಣೆನೂ ಆದ ಹಾಗಿದೆ ಕಣೇ!" ಮೂರು ವಾರ ಸುಳ್ಳನ್ನು ನಂಬಿದ ಜನ ಸತ್ಯಕ್ಕೆ ಇಷ್ಟು ಬಿಗಿಯಾಗಿ ಬಾಗಿಲು ಹಾಕಿದ್ದು ಕಂಡು ರಾಯರು ಇಂಗು ತಿಂದ ಮಂಗನಂತೆ ನಿಂತರು.

ಆಗ ಅಡುಗೆಮನೆಯ ಬಾಗಿಲಿನಿಂದ ಅವರ ಹೆಂಡತಿ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಂದೆಯ ಮುಂದೆ ಚಾಚಿದಳು.

"ಅಪ್ಪಾ, ಈ ಕೈನೂ ಒಂದ್ಸಲ ನೋಡಿ."

"ಈಗ್ಯಾಕಮ್ಮ ನಿಂದು—"

"ನೋಡಿ ಅಪ್ಪ."

ಮಾವನವರು ಗಡಿಯಾರ ನೋಡುತ್ತ ಎಣಿಸಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೊಮ್ಮೆ ಎಣಿಸಿದರು.

"ಐವತ್ತೆಂಟು."

ಷಡ್ಡಕ ಮಂಡಿಯೂರಿದ್ದವನು ಹಾಗೇ ನೆಲದ ಮೇಲೆ ಕೂತ. ಅವನದು ಹೋದ ಭಾನುವಾರ ಅರವತ್ತೊಂದು.

"ಎರಡನೇ ದಿನಾನೇ ನೋಡಿದ್ನಪ್ಪ" ಎಂದಳು ಅವಳು. "ಬಟ್ಟೆ ಕೊಡೋಕೆ ಹೋದ್ರೆ ಇಸ್ತ್ರಿ ಅಂಗಡೀಲಿ ಇವರ ಸೈಕಲ್ಲು ನಿಂತಿತ್ತು. ಕೀನೂ ಅಲ್ಲೇ ನೇತಾಡ್ತಿತ್ತು. ದಿನವಿಡೀ ಸುಮ್ನೆ ನಿಂತಿರುತ್ತಲ್ಲ, ನನಗೆ ನೋಡಿದ್ರೆ ಎರಡು ಬಸ್ಸು. ಮೊದಲನೇ ವಾರ ಸೇತುವೆ ಮೇಲೆ ಇಳಿದು ತಳ್ಕೊಂಡು ಹೋದೆ. ಈಗ ಇಳಿಯಲ್ಲ."

"ಸೀಟು..." ಎಂದರು ರಾಯರು ಕ್ಷೀಣವಾಗಿ.

"ನನ್ನ ಕಾಲು ಗಿಡ್ಡ ಅಲ್ವೇನ್ರೀ. ಇಳಿಸ್ಕೋತಿದ್ದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀವು ಹೇಳಿದ್ರಾ?"

ಅವಳು ಮೀಟರನ್ನು ತಂದೆಯ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಯಿಂದ ಅದರ ಗಾಜು ಒರೆಸಿದಳು. "ಈ ಮುನ್ನೂರೆಪ್ಪತ್ತರಲ್ಲಿ ಹತ್ತು ನಿಮ್ಮದೇ. ನಾನು ಇಲ್ಲ ಅನ್ನಲ್ಲ" ಎಂದಳು. ಆಮೇಲೆ ಗಂಡನ ಮುಖ ನೋಡಿ, ನಗು ತಡೆದುಕೊಂಡು, "ಮೀಟರ್ ಸರಿಯಾಗಿದೆ. ಅರ್ಜಿ ವಜಾ" ಎಂದಳು.

ಮೊದಲು ನಕ್ಕವರು ಮಾವನವರು. ಆಮೇಲೆ ನಗುವನ್ನು ನುಂಗಿ, ಪುಸ್ತಕ ಎಳೆದುಕೊಂಡು, ಸ್ಕೇಲು ಇಟ್ಟು ಮೂರನೆಯ ಗೆರೆ ಎಳೆದರು. ತಲೆಯ ಮೇಲೆ 'ಹಿರಿಯ ಮಗಳು' ಎಂದು ಬರೆಯುವಾಗ ಅವರ ಅಕ್ಷರ ಸ್ವಲ್ಪ ಅಲುಗಿತು. ಹನ್ನೊಂದು ವರ್ಷ ಅಳಿಯಂದಿರ ನಾಡಿ ಹಿಡಿದ ತಾವು ಮಗಳ ಕೈಯನ್ನು ಒಮ್ಮೆಯೂ ಹಿಡಿದಿರಲಿಲ್ಲ ಎಂಬುದು ಆಗ ತಾನೇ ಅವರಿಗೆ ಹೊಳೆದಿತ್ತು. ಎದ್ದು ಮೆತ್ತೆಯ ಕುರ್ಚಿಯ ಬೆನ್ನು ತಟ್ಟಿ, "ಇಲ್ಲಿ ಬಾಮ್ಮ" ಎಂದರು.

ಅವಳು "ಬೇಡ" ಎನ್ನಲಿಲ್ಲ. ಹೋಗಿ ಕೂತಳು. ಎರಡು ಕೈಗಳನ್ನೂ ಕುರ್ಚಿಯ ಕೈಗಳ ಮೇಲಿಟ್ಟಳು.

ಆ ದಿನ ಬಡಿಸಿದವರು ಅಳಿಯಂದಿರು. ಷಡ್ಡಕ ಸೌಟು ಹಿಡಿದು ಅವಳ ಕಡೆ ಕದ್ದು ಕದ್ದು ನೋಡುತ್ತ, "ಅಕ್ಕ, ಆ ಸೇತುವೆ ಏರುವಾಗ ಉಸಿರು ಹೇಗೆ ಬಿಡ್ತೀರಾ?" ಎಂದು ಕೇಳಿದ. ಅವನ ನಗುಮುಖ ಅಂಚಿನಲ್ಲಷ್ಟೇ ಅಲ್ಲ, ನಡುವಿನವರೆಗೂ ಹುಳ್ಳಗಾಗಿತ್ತು. ಅದನ್ನು ನೋಡಿ ರಾಯರಿಗೆ ತಂಪಾಯಿತು. ತಮ್ಮ ಮುಖವೂ ಹಾಗೆಯೇ ಇದೆ ಎಂಬುದು ಪಾತ್ರೆಯ ಮುಚ್ಚಳದಲ್ಲಿ ಕಂಡಾಗ ಆ ತಂಪು ಹೋಯಿತು.

ಸೋಮವಾರ ಸೈಕಲ್ಲು ಮನೆಯ ಮುಂದಿನಿಂದಲೇ ಹೊರಟಿತು, ಸೀಟು ಎರಡು ಬೆರಳು ಕೆಳಗೆ. ಹೆಲ್ಮೆಟ್ಟೂ ಅದರ ಜೊತೆ ಹೋಯಿತು. ಬೀದಿಯವರು ಬಾಗಿಲಿಗೆ ಬಂದು ಕೈ ಬೀಸಿದರು. ಅವಳು ಕೈ ಬೀಸಿದಳು, ಸೈಕಲ್ಲು ಎತ್ತಲೂ ತಿರುಗಲಿಲ್ಲ. ದಾರಿಯಲ್ಲಿ ಇಸ್ತ್ರಿ ಅಂಗಡಿಗೆ ಬಟ್ಟೆ ಕೊಟ್ಟು ಹೋಗಬೇಕೆಂದು ಅವಳು ಅಂದು ಗಂಡನ ಹೊತ್ತಿಗೇ ಹೊರಟಿದ್ದಳು. ರಾಯರು ಬಸ್ಸಿಗೆ ನಡೆದರು. ಹತ್ತು ನಿಮಿಷದ ಮೇಲೆ ಇಪ್ಪತ್ತೇಳನೆಯ ನಂಬರಿನ ಬಸ್ಸು ಎಂದಿನಂತೆ ಮೇಲ್ಸೇತುವೆಯ ಬುಡದಲ್ಲಿ ವಾಹನಗಳ ನಡುವೆ ಸಿಕ್ಕಿ ನಿಂತಿತು. ಸೀಟಿರಲಿಲ್ಲ. ಕಂಬಿ ಹಿಡಿದು ನಿಂತಿದ್ದ ರಾಯರಿಗೆ ಹೊರಗೆ ಒಂದು ಗಂಟೆಯ ಸದ್ದು ಕೇಳಿಸಿತು. ಹೊಸ ಗಂಟೆ. ಅವರೇ ಕೊಂಡದ್ದು.

ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ ನೋಡಿದ. "ಸಾರ್, ಅದು ನಿಮ್ ಸೈಕಲ್ ಅಲ್ವಾ? ಅಬ್ಬಾ, ಆಯಮ್ಮ ಏನ್ ತುಳೀತಾರೆ ನೋಡಿ! ಯಾರು ಸಾರ್ ಅದು?"

"ನಮ್ ಮನೆಯವರು" ಎಂದರು ರಾಯರು. ಹೇಳುವಾಗ ಎದೆ ಒಂದಿಷ್ಟು ಉಬ್ಬಿದ್ದು ನಿಜ. ಆದರೆ ಅಷ್ಟರಲ್ಲಿ ಹಸಿರು ಸೈಕಲ್ಲು ಲಾರಿ, ಕಾರುಗಳ ಸಂದಿಯಿಂದ ನುಸುಳಿ, ಸೇತುವೆ ಏರಿ, ನೆತ್ತಿಯಲ್ಲಿ ಒಮ್ಮೆ ಮಿಂಚಿ ಆಚೆ ಇಳಿದುಹೋಯಿತು. ಒಂದು ಸಲವಾದರೂ ತಿರುಗಿ ನೋಡಬಾರದಿತ್ತೇ? ಉಬ್ಬಿದ ಎದೆಯಲ್ಲಿ ಹಳೆಯ ಉರಿ ಭಗ್ಗೆಂದು ಹತ್ತಿಕೊಂಡಿತು.

"ನೋಡ್ತಾ ನಿಂತ್ರೆ ಆಯ್ತೇನಪ್ಪ?" ಎಂದು ರಾಯರು ಕಂಡಕ್ಟರನ ಭುಜ ಹಿಡಿದು ಅಲುಗಿಸಿದರು. "ಸಿಳ್ಳೆ ಊದು! ಡ್ರೈವರ್‌ಗೆ ಸ್ವಲ್ಪ ಜೋರಾಗಿ ಓಡಿಸಕ್ಕೆ ಹೇಳು!"